ಒಂದು ಕೊಕ್ಕೆಯ ಬೆನ್ನು ಹತ್ತಿ

ನ್ಯೂ ಹೇವನ್ ಎಲ್ಲಿ ಮುಗಿಯಿತು, ಹ್ಯಾಮ್ಡನ್ ಎಲ್ಲಿ ಶುರುವಾಯಿತು ಎನ್ನುವುದು ಡಿಕ್ಸ್‌ವೆಲ್ ಅವೆನ್ಯೂದಲ್ಲಿ ಕಾರು ಓಡಿಸುವವನಿಗೆ ಗೊತ್ತೇ ಆಗುವುದಿಲ್ಲ. ಪೆಟ್ರೋಲ್ ಬಂಕು, ಪಿಜ್ಜಾ ಅಂಗಡಿ, ಟೈರಿನವನು, ಚರ್ಚು, ಮತ್ತೆ ಪಿಜ್ಜಾ ಅಂಗಡಿ. ಕನೆಕ್ಟಿಕಟ್ ರಾಜ್ಯ ನೋಡಲು ಬಂದವರು ಯೇಲ್ ವಿಶ್ವವಿದ್ಯಾಲಯ ಸುತ್ತಿ, ಸಮುದ್ರದ ದಂಡೆಯಲ್ಲಿ ಮೀನು ತಿಂದು ವಾಪಸಾಗುತ್ತಾರೆ. ಈ ರಸ್ತೆಯನ್ನು ನೋಡಲೆಂದೇ ಯಾರೂ ಬರುವುದಿಲ್ಲ. ನಾವಿಬ್ಬರು ಬಂದದ್ದು ಕಿರುಬೆರಳಿನ ಉಗುರಿಗಿಂತ ಕೊಂಚ ಉದ್ದವಿರುವ ಉಕ್ಕಿನ ಕೊಕ್ಕೆಯೊಂದರ ಹುಟ್ಟೂರು ನೋಡಲು. ಮುರಿದ ಆ ಕೊಕ್ಕೆ ನನ್ನ ಅಂಗಿಯ ಜೇಬಿನಲ್ಲಿ, ಮಾತ್ರೆಯ ಡಬ್ಬಿಯೊಳಗೆ ಹತ್ತಿಯಲ್ಲಿ ಸುತ್ತಿಕೊಂಡು ಕೂತಿತ್ತು.

ಆ ಕೊಕ್ಕೆ ಮಾಡಿದ ಹೈ ಸ್ಟ್ಯಾಂಡರ್ಡ್ ಪಿಸ್ತೂಲು ಕಾರ್ಖಾನೆ ಇದ್ದದ್ದು ಇದೇ ರಸ್ತೆಯಲ್ಲಿ. ಸ್ವೀಡನ್ ಮೂಲದ ಕಾರ್ಲ್ ಗುಸ್ತಾಫ್ ಸ್ವೆಬಿಲಿಯಸ್ 1926ರಲ್ಲಿ ನ್ಯೂ ಹೇವನ್‌ನಲ್ಲಿ ಅದನ್ನು ಶುರು ಮಾಡಿದಾಗ ಪಿಸ್ತೂಲಿನ ಮಾತೇ ಇರಲಿಲ್ಲ. ಬಂದೂಕಿನ ನಳಿಗೆಗೆ ಆಳವಾದ ತೂತು ಕೊರೆಯುವ ಡ್ರಿಲ್ಲು ಮಾಡಿ ಸುತ್ತಲಿನ ಬಂದೂಕು ಕಾರ್ಖಾನೆಗಳಿಗೆ ಮಾರುವುದು ಅವರ ಕಸುಬು. 1932ರಲ್ಲಿ ಹಾರ್ಟ್‌ಫರ್ಡ್ ಆರ್ಮ್ಸ್ ಎಂಬ ಸೋತ ಕಂಪನಿಯೊಂದು ಸಿಕ್ಕಿತು. ಅದರ ಯಂತ್ರ, ಅಚ್ಚು, ಅರ್ಧಂಬರ್ಧ ಮಾಡಿಟ್ಟ ಪಿಸ್ತೂಲು ಎಲ್ಲವೂ ಜೊತೆಗೇ ಬಂದವು. ಹಾಗೆ ಬೇರೆಯವರ ಉಳಿಕೆಯಿಂದ ಶುರುವಾದ ಪಾಯಿಂಟ್ 22 ಪಿಸ್ತೂಲುಗಳ ವಂಶ 1950, 60ರ ದಶಕದಲ್ಲಿ ಅಮೆರಿಕದ ಗುರಿಕಾರರ ಕೈಯನ್ನೆಲ್ಲ ಆಳಿತು. ಆ ಹೊತ್ತಿಗೆ ಕಾರ್ಖಾನೆ ಹ್ಯಾಮ್ಡನ್‌ಗೆ ಬಂದಿತ್ತು.

1960ರ ಕತೆ ಕೇಳಿ. ಮೇ ತಿಂಗಳಲ್ಲಿ ಸೋವಿಯತ್ ಆಕಾಶದಲ್ಲಿ ಅಮೆರಿಕದ ಯು-2 ಬೇಹುಗಾರಿಕೆ ವಿಮಾನ ಬಿತ್ತು. ಪೈಲಟ್ ಗ್ಯಾರಿ ಪವರ್ಸ್ ಹತ್ತಿರ ಸಿಕ್ಕಿದ, ಸದ್ದಡಗಿಸುವ ಕೊಳವೆ ಕೂಡಿಸಿದ ಪಿಸ್ತೂಲು ಹೈ ಸ್ಟ್ಯಾಂಡರ್ಡ್‌ನದು. ಮಾಸ್ಕೋದಲ್ಲಿ ಅದನ್ನು ಜಗತ್ತಿಗೆಲ್ಲ ತೋರಿಸಿದರು. ನಾಲ್ಕು ತಿಂಗಳು ಕಳೆದು ರೋಮ್ ಒಲಿಂಪಿಕ್ಸ್. ಇಪ್ಪತ್ತೈದು ಮೀಟರ್ ರ್‍ಯಾಪಿಡ್ ಫೈರ್ ಸ್ಪರ್ಧೆಯಲ್ಲಿ ಮೂವರು 587 ಅಂಕಕ್ಕೆ ಬಂದು ನಿಂತರು: ಅಮೆರಿಕದ ವಿಲಿಯಂ ಮೆಕ್‌ಮಿಲನ್, ಫಿನ್ಲೆಂಡಿನ ಪೆಂಟಿ ಲಿನ್ನೋಸ್ವೊ, ಸೋವಿಯತ್ ಒಕ್ಕೂಟದ ಅಲೆಕ್ಸಾಂಡರ್ ಝಬೆಲಿನ್. ಮತ್ತೆ ಹೊಡೆಸಿದಾಗ ಚಿನ್ನ ಮೆಕ್‌ಮಿಲನ್ ಪಾಲಾಯಿತು. ಅವರ ಕೈಯಲ್ಲಿದ್ದದ್ದೂ ಹೈ ಸ್ಟ್ಯಾಂಡರ್ಡ್. ಒಂದೇ ಕಂಪನಿಯ ಎರಡು ಪಿಸ್ತೂಲು ಒಂದೇ ವರ್ಷದಲ್ಲಿ ಒಂದು ಮಾನ ಕಳೆಯಿತು, ಇನ್ನೊಂದು ಮಾನ ತಂದಿತು.

ಆಮೇಲಿನದು ಬೇಗ ಮುಗಿಯುವ ಕತೆ. 1968ರಲ್ಲಿ ಲೀಶರ್ ಗ್ರೂಪ್ ಎಂಬ ಕಂಪನಿ ಇದನ್ನು ಕೊಂಡಿತು. ಎಪ್ಪತ್ತರ ದಶಕದ ಕೊನೆಗೆ ಕಾರ್ಖಾನೆ ಈಸ್ಟ್ ಹಾರ್ಟ್‌ಫರ್ಡ್‌ಗೆ ಹೋಯಿತು. 1984ರಲ್ಲಿ ನಿಂತೇ ಹೋಯಿತು. 1993ರಲ್ಲಿ ಟೆಕ್ಸಸ್‌ನ ಹೂಸ್ಟನ್‌ನಲ್ಲಿ ಅದೇ ಹೆಸರಿನ ಹೊಸ ಕಂಪನಿ ಹುಟ್ಟಿ, ಬಹಳ ವರ್ಷ ಪಿಸ್ತೂಲನ್ನೂ ಬಿಡಿಭಾಗವನ್ನೂ ಮಾಡಿ, ಅದೂ ಬಾಗಿಲು ಹಾಕಿತು. ಹೂಸ್ಟನ್ ಭಾಗ ಹ್ಯಾಮ್ಡನ್ ಪಿಸ್ತೂಲಿಗೆ ಕೆಲವೊಮ್ಮೆ ಸಲೀಸಾಗಿ ಕೂರುತ್ತದೆ, ಕೆಲವೊಮ್ಮೆ ಜಗಳ ತೆಗೆಯುತ್ತದೆ. ಹೀಗಾಗಿ ಮಾರುವವರೂ ಕೊಳ್ಳುವವರೂ ಮೊದಲು ಕೇಳುವುದು ಊರಿನ ಹೆಸರನ್ನೇ. ಹ್ಯಾಮ್ಡನ್ ಎಂದರೆ ಕಣ್ಣರಳುತ್ತದೆ. ಈಸ್ಟ್ ಹಾರ್ಟ್‌ಫರ್ಡ್ ಎಂದರೆ ‘ಹ್ಞಾಂ, ಅಡ್ಡಿಯಿಲ್ಲ’. ಹೂಸ್ಟನ್ ಎಂದರೆ ಮಾತು ಬದಲಾಗುತ್ತದೆ.

ನನ್ನದು ಹ್ಯಾಮ್ಡನ್‌ನದು: ಸೂಪರ್‌ಮ್ಯಾಟಿಕ್ ಸೈಟೇಶನ್, ಐದೂವರೆ ಇಂಚಿನ ದಪ್ಪ ನಳಿಗೆ, ಮಿಲಿಟರಿ ಹಿಡಿಕೆ. ಮಿಲಿಟರಿ ಎಂದರೆ ಯುದ್ಧಕ್ಕಲ್ಲ. ಇಲ್ಲಿನ ಬುಲ್ಸ್‌ಐ ಪಂದ್ಯದಲ್ಲಿ ಒಂದೇ ದಿನ ಪಾಯಿಂಟ್ 22 ಪಿಸ್ತೂಲಿನಿಂದಲೂ ಪಾಯಿಂಟ್ 45 ಪಿಸ್ತೂಲಿನಿಂದಲೂ ಹೊಡೆಯಬೇಕು. ಎರಡರ ಹಿಡಿಕೆಯ ಓರೆ ಬೇರೆ ಬೇರೆಯಾದರೆ ಮಣಿಕಟ್ಟು ಗೊಂದಲಕ್ಕೆ ಬೀಳುತ್ತದೆ. ಅದಕ್ಕೆಂದೇ 1960ರ ದಶಕದ ನಡುವಿನಲ್ಲಿ ಸೇನೆಯ ಪಾಯಿಂಟ್ 45ರ ಓರೆಯನ್ನೇ ಇದಕ್ಕೂ ಕೊಟ್ಟರು. ಹಿಂದಿನ ಗುರಿಪಟ್ಟಿ ಸ್ಲೈಡಿನ ಮೇಲಿಲ್ಲ, ಚೌಕಟ್ಟಿನಿಂದ ಎದ್ದ ಕಮಾನಿನ ಮೇಲೆ ಕೂತಿದೆ. ಸ್ಲೈಡು ಅದರಡಿಯಲ್ಲಿ ಹಿಂದೆ ಮುಂದೆ ಓಡುತ್ತದೆ, ಗುರಿ ಅಲುಗುವುದಿಲ್ಲ. ಮುಂದಿನ ಗುಂಡಿಯೊಂದನ್ನು ಒತ್ತಿದರೆ ನಳಿಗೆ ಕಳಚಿ ಕೈಗೆ ಬರುತ್ತದೆ. ಹೀಗೆ ಯೋಚಿಸಿ ಮಾಡಿದ ವಸ್ತುವನ್ನು ಕೈಯಲ್ಲಿ ಹಿಡಿದವನಿಗೆ ಮಾಡಿದವನ ಮೇಲೆ ಗೌರವ ಬಾರದಿದ್ದರೆ ಅದು ಕೈಯ ತಪ್ಪು.

ನಾನು ಕೊಪ್ಪದ ಕಡೆಯವನು. ತೋಟಕ್ಕೆ ನುಗ್ಗುವ ಮಂಗ, ಹಂದಿಗಳ ದೆಸೆಯಿಂದ ನಮ್ಮ ಮನೆಯಲ್ಲೂ ಒಂದು ಕೋವಿ ಇತ್ತು. ಚುನಾವಣೆ ಬಂದಾಗಲೆಲ್ಲ ಅದನ್ನು ಠಾಣೆಗೆ ಹೊತ್ತೊಯ್ದು ಒಪ್ಪಿಸಿ ಚೀಟಿ ತರುವುದು ಅಪ್ಪನಿಗೆ ಮದುವೆಮನೆ ಊಟದಷ್ಟೇ ಅಭ್ಯಾಸ. ಅದರದ್ದೇನಾದರೂ ಮುರಿದರೆ ಪೇಟೆಯಲ್ಲಿ ಭಾಗ ಹುಡುಕುವ ಪ್ರಶ್ನೆಯೇ ಇರಲಿಲ್ಲ, ಊರ ಆಚಾರಿ ಅರ ಹಿಡಿದು ಕೂರುತ್ತಿದ್ದರು. ಅಮೆರಿಕಕ್ಕೆ ಬಂದ ಮೇಲೆ, ಹಸಿರು ಕಾರ್ಡು, ಬೆರಳಚ್ಚು, ತರಬೇತಿ, ರಾಜ್ಯದ ಪರವಾನಗಿ ಎಲ್ಲ ದಾಟಿ ಕ್ಲಬ್ಬಿನ ಹಿರಿಯರೊಬ್ಬರಿಂದ ಈ ಪಿಸ್ತೂಲು ಕೊಂಡೆ. ಕೈ ನಡುಗಲು ಶುರುವಾಗಿದ್ದ ಅವರು ಪಿಸ್ತೂಲಿನ ಜೊತೆ ಒಂದು ತಂಬಾಕಿನ ಡಬ್ಬಿಯನ್ನೂ ಕೊಟ್ಟರು. ಒಳಗೆ ಸ್ಪ್ರಿಂಗು, ಪಿನ್ನು, ಯಾವುದರದ್ದೋ ಒಂದು ಸ್ಕ್ರೂ. “ಇದು ಪಿಸ್ತೂಲಿಗಿಂತ ಮುಖ್ಯ, ಕಳೆಯಬೇಡ” ಎಂದರು. ಅದರಲ್ಲಿ ಕೊಕ್ಕೆ ಮಾತ್ರ ಇರಲಿಲ್ಲ.

ಕೊಕ್ಕೆಯ ಕೆಲಸ ಸಣ್ಣದು. ರಿಮ್‌ಫೈರ್ ತೋಟೆಯ ತಳದಲ್ಲಿ ಒಂದು ತೆಳು ಅಂಚು ಇರುತ್ತದೆ. ಸಿಡಿಮದ್ದು ಇರುವುದು ಆ ಅಂಚಿನ ಮಡಿಕೆಯೊಳಗೇ. ಹೊಡೆಯುವ ಪಿನ್ನು ಅಂಚಿಗೆ ಬಡಿದರೆ ಮದ್ದು ಸಿಡಿಯುತ್ತದೆ, ಗುಂಡು ಮುಂದೆ ಹೋಗುತ್ತದೆ, ಸ್ಲೈಡು ಹಿಂದೆ ಬರುತ್ತದೆ. ಬರುವಾಗ ಕೊಕ್ಕೆ ಅದೇ ಅಂಚನ್ನು ಹಿಡಿದು ಖಾಲಿ ತೋಟೆಯನ್ನು ಎಳೆದು ತರಬೇಕು. ಕೊಕ್ಕೆಯ ಹಲ್ಲು ಕೂದಲೆಳೆಯಷ್ಟು ಸವೆದರೆ ಜಾರುತ್ತದೆ. ಕೂದಲೆಳೆಯಷ್ಟು ಉದ್ದವಾದರೆ ನಳಿಗೆಯಲ್ಲಿ ಅದಕ್ಕೆಂದೇ ಕೊರೆದ ಕಚ್ಚಿಗೆ ತಾಗಿ ಸ್ಲೈಡು ಪೂರ್ತಿ ಮುಚ್ಚುವುದಿಲ್ಲ. ಖಾಲಿ ಪಿಸ್ತೂಲಿನ ಟ್ರಿಗರ್ ಎಳೆದು ಆಟವಾಡುವುದೂ ಇಂಥವಕ್ಕೆ ಆಗದು. ಬಡಿಯಲು ತೋಟೆ ಇಲ್ಲದಿದ್ದರೆ ಪಿನ್ನು ನಳಿಗೆಯ ಬಾಯಂಚಿಗೇ ಹೋಗಿ ಬಡಿದು ಅಲ್ಲಿ ತಗ್ಗು ಮಾಡುತ್ತದೆ. ಆ ತಗ್ಗನ್ನು ಒಳಗಿನಿಂದ ಒತ್ತಿ ಇಸ್ತ್ರಿ ಮಾಡಿದ ಹಾಗೆ ಸಮ ಮಾಡಲು ಬೇರೊಂದು ಸಲಕರಣೆಯೇ ಇದೆ. ಹೊಸ ಜೋರಿನ ತೋಟೆಯೂ ಬೇಡ. ಸ್ಟ್ಯಾಂಡರ್ಡ್ ವೆಲಾಸಿಟಿ ಎಂದು ಬರೆದದ್ದನ್ನೇ ಹಾಕಬೇಕು, ಇಲ್ಲದಿದ್ದರೆ ವರ್ಷಗಟ್ಟಲೆ ಬಡಿಸಿಕೊಂಡ ಚೌಕಟ್ಟು ಬಿರುಕು ಬಿಡುತ್ತದೆ. ಚೌಕಟ್ಟು ಹೋದರೆ ಎಲ್ಲವೂ ಹೋದಂತೆ. ಸರಣಿ ಸಂಖ್ಯೆ ಇರುವುದು ಅದರ ಮೇಲೆ. ಕಾನೂನಿನ ಕಣ್ಣಿಗೆ ಪಿಸ್ತೂಲು ಎಂದರೆ ಅದೇ, ಮಿಕ್ಕದ್ದೆಲ್ಲ ಬಿಡಿಭಾಗ.

ನನ್ನ ಜೊತೆಗಾರ ಬೆಂಗಳೂರಿನವನು. ಪೀಣ್ಯದಲ್ಲಿ ಟೂಲ್ ರೂಮಿನಲ್ಲಿ ಕೈ ಪಳಗಿಸಿಕೊಂಡು ಈಗ ಹಾರ್ಟ್‌ಫರ್ಡ್ ಕಡೆ ವಿಮಾನದ ಎಂಜಿನ್ ಭಾಗ ಮಾಡುವಲ್ಲಿ ಕೆಲಸಕ್ಕಿದ್ದಾನೆ. ಪಿಸ್ತೂಲು ಎಂದರೆ ಅವನಿಗೆ ಆಗದು. ಆದರೆ ಮುರಿದ ಕೊಕ್ಕೆಯನ್ನು ಅಂಗೈ ಮೇಲಿಟ್ಟಾಗ ಅವನ ಮುಖ ಬೇರೆಯಾಯಿತು. “ಗುರೂ, ಪೀಣ್ಯದಲ್ಲಿ ವೈರ್‌ಕಟ್ ಮಾಡಿಸಿದ್ರೆ ಒಂದು ಮಧ್ಯಾಹ್ನದ ಕೆಲ್ಸ ಇದು” ಎಂದ. ಅದು ಬಾಯಿಮಾತಿಗೆ ಸರಿ. ಬಂದೂಕಿನ ಭಾಗ ದೇಶ ದಾಟಿ ಹೋಗಿ ಬರಬೇಕಾದರೆ ಎರಡೂ ಕಡೆಯ ಸರ್ಕಾರದ ಅನುಮತಿ ಬೇಕು. ಕೊಕ್ಕೆಗಿಂತ ಕಾಗದದ ತೂಕವೇ ಹೆಚ್ಚಾಗುತ್ತದೆ. “ಹಾಗಾದ್ರೆ ಅಂಗಡೀಲಿ ತಗೋ. ಬಿಡಿಭಾಗ ಅಂದ್ಮೇಲೆ ಹಾಕಿದ್ರೆ ಕೂರ್ಬೇಕು ತಾನೇ?”

ಕೂರುತ್ತದೆಯೇ? ಆ ಪ್ರಶ್ನೆಗೆ ಹ್ಯಾಮ್ಡನ್‌ಗಿಂತ ಒಳ್ಳೆಯ ಊರಿಲ್ಲ. ಕಾರ್ಖಾನೆಯ ರಸ್ತೆಯಿಂದ ಪೂರ್ವಕ್ಕೆ ಸ್ವಲ್ಪ ಹೋದರೆ ವಿಟ್ನಿವಿಲ್. ಹೊಳೆಗೆ ಕಟ್ಟಿದ ಅಣೆ, ಅದರ ಪಕ್ಕ ಈಲೈ ವಿಟ್ನಿ ಮ್ಯೂಸಿಯಂ. ಹತ್ತಿ ಬಿಡಿಸುವ ಯಂತ್ರದ ವಿಟ್ನಿ 1798ರಲ್ಲಿ ಅಮೆರಿಕ ಸರ್ಕಾರಕ್ಕೆ 10,000 ಬಂದೂಕು ಎರಡು ವರ್ಷದಲ್ಲಿ ಮಾಡಿಕೊಡುತ್ತೇನೆ ಎಂದು ಒಪ್ಪಿಕೊಂಡು ಕಾರ್ಖಾನೆ ಕಟ್ಟಿದ್ದು ಇಲ್ಲಿ. ಮುಗಿಸಿದ್ದು 1809ಕ್ಕೆ. ನಡುವೆ 1801ರಲ್ಲಿ ವಾಷಿಂಗ್ಟನ್‌ಗೆ ಹೋಗಿ, ಅಧ್ಯಕ್ಷ ಆಡಮ್ಸ್ ಮತ್ತು ಮುಂದೆ ಅಧ್ಯಕ್ಷನಾಗಲಿದ್ದ ಜೆಫರ್ಸನ್ ಎದುರು ಭಾಗಗಳನ್ನು ಕಲೆಸಿ ಯಾವುದನ್ನು ಯಾವುದಕ್ಕಾದರೂ ಕೂಡಿಸಿ ತೋರಿಸಿದನಂತೆ. ಶಾಲೆಯ ಪುಸ್ತಕಗಳಲ್ಲಿ ಅದು ಆಧುನಿಕ ಕೈಗಾರಿಕೆಯ ಮೊದಲ ದಿನ. ಆದರೆ 1960ರ ದಶಕದಲ್ಲಿ ಇತಿಹಾಸಕಾರರು ಅವನ ಬಂದೂಕುಗಳನ್ನೇ ಬಿಚ್ಚಿ ನೋಡಿದರು. ಒಂದರ ಭಾಗ ಇನ್ನೊಂದಕ್ಕೆ ಕೂರುತ್ತಿರಲಿಲ್ಲ, ಯಾವ ಭಾಗ ಯಾವ ಬಂದೂಕಿನದ್ದು ಎಂದು ಗುರುತು ಬೇರೆ ಹಾಕಿತ್ತು. ಅರ ಹಿಡಿದು ತಿದ್ದಿ ಕೂಡಿಸುವವನಿಗೆ ಮಾತ್ರ ಬೇಕಾಗುವ ಗುರುತು ಅದು.

ನಾವು ಮೆರಿಡನ್ ದಾಟಿ ಮಿಡ್ಲ್‌ಟೌನ್ ಹಾದು ಉತ್ತರಕ್ಕೆ ಹೋದೆವು. ಮಿಡ್ಲ್‌ಟೌನ್‌ನ ಸಿಮಿಯನ್ ನಾರ್ತ್ ಎಂಬವನು 1813ರಲ್ಲಿ 20,000 ಪಿಸ್ತೂಲಿನ ಕರಾರಿಗೆ ಸಹಿ ಹಾಕಿದ. ಯಾವ ಪಿಸ್ತೂಲಿನ ಭಾಗವಾದರೂ ಉಳಿದ ಅಷ್ಟೂ ಪಿಸ್ತೂಲಿಗೆ ಹೊಂದಬೇಕು ಎಂಬ ಷರತ್ತು ಅದರಲ್ಲಿ ಬರೆದಿತ್ತು. ವಿಟ್ನಿಯಷ್ಟು ಮಾತುಗಾರನಲ್ಲದ ಕಾರಣಕ್ಕೋ ಏನೋ, ನಾರ್ತ್‌ನ ಹೆಸರನ್ನು ಮಿಡ್ಲ್‌ಟೌನ್‌ನ ಆಚೆ ಕೇಳಿದವರು ಕಡಿಮೆ. ಹಾರ್ಟ್‌ಫರ್ಡ್ ಬಂತು ಎನ್ನುವುದಕ್ಕೆ ಹೆದ್ದಾರಿಯಿಂದಲೇ ಕಾಣುವ ಕೋಲ್ಟ್ ಕಾರ್ಖಾನೆಯ ನೀಲಿ ಗುಮ್ಮಟ ಸಾಕ್ಷಿ: ಈರುಳ್ಳಿ ಆಕಾರ, ಮೈತುಂಬ ಬಂಗಾರದ ನಕ್ಷತ್ರ, ತುದಿಯಲ್ಲಿ ಮುಂಗಾಲೆತ್ತಿದ ಕುದುರೆಮರಿ. ಕಾರ್ಖಾನೆಯ ಕೆಲವು ಕಟ್ಟಡಗಳಲ್ಲಿ ಈಗ ಜನ ಬಾಡಿಗೆಗಿದ್ದಾರೆ. ಕೋಲ್ಟ್ ತಾನೂ 1915ರಿಂದ 1977ರವರೆಗೆ ವುಡ್ಸ್‌ಮನ್ ಎಂಬ ಪಾಯಿಂಟ್ 22 ಪಿಸ್ತೂಲು ಮಾಡುತ್ತಿತ್ತು. ಅದರ ಭಾಗ ಹುಡುಕುವವರ ಪಾಡು ನಮ್ಮದಕ್ಕಿಂತ ಬೇರೆಯಲ್ಲ.

ಇನ್ನೂ ಉತ್ತರಕ್ಕೆ, ಮ್ಯಾಸಚೂಸೆಟ್ಸ್‌ನ ಸ್ಪ್ರಿಂಗ್‌ಫೀಲ್ಡ್ ಸರ್ಕಾರಿ ಶಸ್ತ್ರಾಗಾರ 1968ರಲ್ಲಿ ಮುಚ್ಚಿ ಈಗ ಮ್ಯೂಸಿಯಂ ಆಗಿದೆ. ಕೇಂದ್ರ ಸರ್ಕಾರದ ಕಟ್ಟಡವಾದ್ದರಿಂದ ಪಿಸ್ತೂಲು ಒಯ್ಯುವಂತಿಲ್ಲ. ನನ್ನದು ಮನೆಯಲ್ಲೇ ಇತ್ತು. ಬಂದೂಕುಗಳನ್ನು ನೆಟ್ಟಗೆ ಸಾಲುಸಾಲಾಗಿ ಜೋಡಿಸಿದ, ಲಾಂಗ್‌ಫೆಲೋ ಕವಿ ಪದ್ಯ ಬರೆದ ಆ ಪ್ರಸಿದ್ಧ ಚೌಕಟ್ಟಿನ ಮುಂದೆ ಎಲ್ಲರೂ ಫೋಟೋ ತೆಗೆಸಿಕೊಳ್ಳುತ್ತಿದ್ದರು. ನನ್ನ ಗೆಳೆಯ ಅದನ್ನು ಕಣ್ಣೆತ್ತಿಯೂ ನೋಡದೆ ಥಾಮಸ್ ಬ್ಲಾಂಚರ್ಡ್‌ನ ಲೇತಿನ ಮುಂದೆ ನಿಂತುಬಿಟ್ಟ. ಬಂದೂಕಿನ ಮರದ ಹಿಡಿಯಂಥ ಸೊಟ್ಟ ಆಕಾರವನ್ನು ಮಾದರಿ ನೋಡಿಕೊಂಡು ತಾನೇ ಕಡೆಯುವ ಯಂತ್ರ ಅದು, ಇನ್ನೂರು ವರ್ಷ ಹಳೆಯದು. “ಮಾಡೋದು ದೊಡ್ಡ ವಿಷ್ಯ ಅಲ್ಲ ಗುರೂ” ಎಂದ ಕೊನೆಗೆ. “ಮಾಡಿದ್ದು ಸರಿ ಇದ್ಯಾ ಅಂತ ನೋಡೋದಕ್ಕೆ ಗೇಜು ಬೇಕು. ಗೇಜು ಸವೀತಾ ಇದ್ಯಾ ಅಂತ ನೋಡೋಕೆ ಇನ್ನೊಂದು ಗೇಜು. ಅದನ್ನೆಲ್ಲ ದಿನಾ ನೋಡ್ಕೊಳ್ಳೋನೊಬ್ಬ ಬೇಕು. ಫ್ಯಾಕ್ಟರಿ ಮುಚ್ಚಿದ ದಿನ ಮೊದ್ಲು ಮನೆಗೆ ಹೋಗೋನು ಅವ್ನೇ.” ಇಲ್ಲಿ 1842ರ ಮಾದರಿಯ ಬಂದೂಕು ಬರುವ ಹೊತ್ತಿಗೆ ಭಾಗಗಳು ನಿಜಕ್ಕೂ ಅದಲುಬದಲು ಮಾಡಬಹುದಾದವು, ವಿಟ್ನಿ ಬಾಯಲ್ಲಿ ಹೇಳಿ ನಲವತ್ತು ವರ್ಷ ಕಳೆದ ಮೇಲೆ. ಬಂದೂಕು ಕಾರ್ಖಾನೆಗಳ ಇಂಥ ಕಣಿವೆಯಲ್ಲಿ ಹುಟ್ಟಿದ ನನ್ನ ಪಿಸ್ತೂಲಿಗೆ ಇವತ್ತು ಹೊಸ ಕೊಕ್ಕೆ ತಂದರೂ ಕೊಪ್ಪದ ಆಚಾರಿಯಂಥವರೇ ಬೇಕು ಎನ್ನುವುದು ನನಗೇಕೋ ಅವಮಾನ ಅನ್ನಿಸಲಿಲ್ಲ.

ಇದೇ ಸ್ಪ್ರಿಂಗ್‌ಫೀಲ್ಡ್‌ನಲ್ಲಿ ಸ್ಮಿತ್ ಅಂಡ್ ವೆಸನ್ 1857ರಲ್ಲಿ ಪಾಯಿಂಟ್ 22 ರಿಮ್‌ಫೈರ್ ರಿವಾಲ್ವರನ್ನು ಹೊರತಂದದ್ದು. ಅವರೂ 2023ರಲ್ಲಿ ಮುಖ್ಯ ಕಚೇರಿಯನ್ನು ಟೆನೆಸಿಗೆ ಒಯ್ದರು. ಕಣಿವೆ ಖಾಲಿಯಾಗುತ್ತಾ ಬಂದಿದೆ.

ಜುಲೈನಲ್ಲಿ ಒಹಾಯೋಗೆ ಹೊರಟೆವು. ಈರಿ ಸರೋವರದ ದಂಡೆಯ ಕ್ಯಾಂಪ್ ಪೆರಿಯಲ್ಲಿ 1907ರಿಂದ ರಾಷ್ಟ್ರೀಯ ಗುರಿ ಪಂದ್ಯಗಳು ನಡೆದು ಬಂದಿವೆ. ದೇಶದ ಮೂಲೆಮೂಲೆಯ ಗುರಿಕಾರರು, ಅವರ ಬೆನ್ನಿಗೆ ಬಿಡಿಭಾಗ ಮಾರುವವರು ಸೇರುವ ಜಾತ್ರೆ. ಸಿಗುವುದಿದ್ದರೆ ಅಲ್ಲೇ ಸಿಗಬೇಕು. ಅದಕ್ಕೂ ಮೊದಲು ಹೊಸ ಮ್ಯಾಗಜೀನ್ ಒಂದನ್ನು ಅಂಚೆಯಲ್ಲಿ ತರಿಸಿದ್ದೆ, ಮಾರಿದವರ ಹೆಸರು ಬೇಡ. ಅದರ ತುಟಿಗಳು ತೋಟೆಯನ್ನು ನಳಿಗೆಯ ಬಾಯಿಗೆ ತೋರಿಸುವ ಬದಲು ಅದರ ಮೇಲಂಚಿಗೆ ಕುಟ್ಟುತ್ತಿದ್ದವು. ಹೈ ಸ್ಟ್ಯಾಂಡರ್ಡ್ ಇಟ್ಟುಕೊಂಡವರ ಗೋಳಿನಲ್ಲಿ ಮುಕ್ಕಾಲು ಪಾಲು ಮ್ಯಾಗಜೀನಿನದ್ದೇ. ಇಕ್ಕಳ ಹಿಡಿದು ತುಟಿಯನ್ನು ತುಸು ಒಳಕ್ಕೆ, ತುಸು ಹೊರಕ್ಕೆ ಬಗ್ಗಿಸಿ ಸರಿಮಾಡಿಕೊಂಡ ಮ್ಯಾಗಜೀನ್ ಇದ್ದವರು ಅದನ್ನು ಯಾರಿಗೂ ಕೊಡುವುದಿಲ್ಲ, ಸಾಲಕ್ಕೂ.

ದಾರಿಯ ಬಗ್ಗೆ ಒಂದು ಮಾತು. ಕನೆಕ್ಟಿಕಟ್‌ನ ಪರವಾನಗಿ ನ್ಯೂಯಾರ್ಕ್‌ನಲ್ಲಿ ನಡೆಯದು. ಪಿಸ್ತೂಲನ್ನು ಕಾನೂನಿನಂತೆ ಇಟ್ಟುಕೊಳ್ಳಬಹುದಾದ ಎರಡು ಜಾಗಗಳ ನಡುವೆ ಸಿಕ್ಕ ರಾಜ್ಯವನ್ನು ದಾಟಲು 1986ರ ಕೇಂದ್ರ ಕಾನೂನು ಅವಕಾಶ ಕೊಡುತ್ತದೆ: ಪಿಸ್ತೂಲು ಖಾಲಿ ಇರಬೇಕು, ಕೂತಲ್ಲಿಂದ ಕೈಗೆ ಸಿಗದ ಹಾಗೆ ಡಿಕ್ಕಿಯೊಳಗೋ, ಡಿಕ್ಕಿ ಇಲ್ಲದಿದ್ದರೆ ಬೀಗ ಹಾಕಿದ ಪೆಟ್ಟಿಗೆಯಲ್ಲೋ ಇರಬೇಕು. ಹಾಗಾಗಿ ಹಡ್ಸನ್ ನದಿಯ ಸೇತುವೆ, ಬೆಟ್ಟದ ಸಾಲು, ಎಲ್ಲೂ ಕಾಫಿಗೂ ನಿಲ್ಲದೆ ಪೆನ್ಸಿಲ್ವೇನಿಯಾ ಗಡಿಯವರೆಗೆ ಓಡಿಸಿದೆವು.

ನಿಂತ ಜಾಗಗಳನ್ನಷ್ಟೇ ಹೇಳಿ, ನಿಲ್ಲದೆ ಹೋದ ಒಂದು ಜಾಗ ಹೇಳದಿದ್ದರೆ ಈ ಬರಹ ಸುಳ್ಳಾಗುತ್ತದೆ. ನ್ಯೂಯಾರ್ಕ್ ಗಡಿಗೆ ಮುಂಚೆ, ಹೆದ್ದಾರಿಯ ಪಕ್ಕ ನ್ಯೂಟೌನ್, ಸ್ಯಾಂಡಿ ಹುಕ್ ಎಂಬ ಫಲಕ ಬರುತ್ತದೆ. 2012ರ ಡಿಸೆಂಬರ್‌ನಲ್ಲಿ ಅಲ್ಲಿನ ಪ್ರಾಥಮಿಕ ಶಾಲೆಯಲ್ಲಿ 20 ಮಕ್ಕಳನ್ನೂ 6 ಮಂದಿ ದೊಡ್ಡವರನ್ನೂ ಒಬ್ಬನು ಗುಂಡಿಟ್ಟು ಕೊಂದ. ಮರುವರ್ಷ ರಾಜ್ಯ ಕಾನೂನು ಬಿಗಿ ಮಾಡಿತು. ಹತ್ತು ತೋಟೆಗಿಂತ ಹೆಚ್ಚು ಹಿಡಿಯುವ ಮ್ಯಾಗಜೀನ್ ಮಾರುವಂತಿಲ್ಲ, ತೋಟೆ ಕೊಳ್ಳಲೂ ಪರವಾನಗಿಯೋ ಪ್ರಮಾಣಪತ್ರವೋ ಬೇಕು. ನನ್ನ ಪಿಸ್ತೂಲು ಹಿಡಿಯುವುದೇ ಹತ್ತು.

ಫಲಕ ದಾಟಿದ ಮೇಲೆ ಗೆಳೆಯ ಕೇಳಿದ: “ನಿಂಗೇನೂ ಅನ್ಸಲ್ವಾ?”

“ಅನ್ನಿಸುತ್ತೆ ಮಾರಾಯ. ಪ್ರತಿ ಸಲ.”

“ಮತ್ತೆ?”

ಆ ಕಾನೂನು ಇನ್ನೂ ಬಿಗಿಯಾದರೂ ನನ್ನ ತಕರಾರಿಲ್ಲ ಎಂದೆ. ಬೆರಳಚ್ಚು ಕೊಡಲು ಎಷ್ಟು ಸಲ ಬೇಕಾದರೂ ಹೋಗುತ್ತೇನೆ. ಅದು ಉತ್ತರವಲ್ಲ ಎಂದು ಅವನಿಗೂ ಗೊತ್ತಿತ್ತು. ನ್ಯೂಯಾರ್ಕ್ ರಾಜ್ಯ ಪೂರ್ತಿ ಮುಗಿಯುವವರೆಗೆ ನಾವು ಬೇರೆ ಮಾತಾಡಿದೆವು.

ಕ್ಯಾಂಪ್ ಪೆರಿ ಸೇನೆಯ ಜಾಗ. ಎರಡನೇ ಮಹಾಯುದ್ಧದಲ್ಲಿ ಜರ್ಮನ್, ಇಟಾಲಿಯನ್ ಕೈದಿಗಳನ್ನು ಇಟ್ಟಿದ್ದ ಶಿಬಿರವಾದ್ದರಿಂದ ಇಲ್ಲಿನ ಸಾಲು ಗುಡಿಸಲುಗಳಿಗೆ ಬೇರೆಯೇ ಕತೆ ಇದೆ. ಆಮೇಲೆ ಸ್ಪರ್ಧಿಗಳೂ ಅವುಗಳಲ್ಲಿ ಉಳಿದದ್ದುಂಟು. ಸರೋವರದಿಂದ ಬೀಸುವ ಗಾಳಿಗೆ ಗುರಿಹಲಗೆಯ ಕಾಗದ ಪಟಪಟ ಎನ್ನುತ್ತದೆ. ಒಂದೇ ಕೈ, ಇನ್ನೊಂದು ಕೈ ಜೇಬಿನಲ್ಲೋ ಸೊಂಟದ ಪಟ್ಟಿಯಲ್ಲೋ. ಐವತ್ತು ಗಜದಲ್ಲಿ ಹತ್ತು ಗುಂಡಿಗೆ ಹತ್ತು ನಿಮಿಷ. ಇಪ್ಪತ್ತೈದು ಗಜದಲ್ಲಿ ಐದು ಗುಂಡಿಗೆ ಇಪ್ಪತ್ತು ಸೆಕೆಂಡು, ಆಮೇಲೆ ಐದಕ್ಕೆ ಹತ್ತೇ ಸೆಕೆಂಡು. ಹಾಗೆ ಹೊಡೆಯುವಾಗ ಪಿಸ್ತೂಲು ಕೈಕೊಟ್ಟರೆ ಖಾಲಿ ಕೈ ಎತ್ತಬೇಕು. ‘ಅಲಿಬೈ’ ಎನ್ನುತ್ತಾರೆ, ರೇಂಜಿನ ಅಧಿಕಾರಿ ಬಂದು ನೋಡಿ, ಒಪ್ಪಿದರೆ ಮತ್ತೆ ಹೊಡೆಯಲು ಬಿಡುತ್ತಾರೆ. ಸಾಲಿನಲ್ಲಿ ಎದ್ದ ಕೈಗಳಡಿ ಹಳೆಯ ಪಿಸ್ತೂಲು ಎಷ್ಟಿದೆ ಎಂದು ಲೆಕ್ಕ ಹಾಕುವುದು ನನ್ನ ಕೆಟ್ಟ ಚಟ.

ಅಂಗಡಿ ಸಾಲಿನ ಕೊನೆಯ ಮೇಜಿನಲ್ಲಿ, ಮೀನು ಹಿಡಿಯುವವರು ಗಾಳ ಇಟ್ಟುಕೊಳ್ಳುವಂಥ ಪ್ಲಾಸ್ಟಿಕ್ ಪೆಟ್ಟಿಗೆಗಳ ಹಿಂದೆ ಒಬ್ಬ ಮುದುಕ ಕೂತಿದ್ದ. ಒಂದೊಂದು ಗೂಡಿಗೂ ಕೈಬರಹದ ಚೀಟಿ. ನಾನು ಮಾತ್ರೆ ಡಬ್ಬಿ ತೆರೆದದ್ದೇ ತಡ, ಕೇಳಿದ್ದು ಹೆಸರಲ್ಲ, ಪಿಸ್ತೂಲಿನ ಮಾದರಿಯ ಸರಣಿ. 106 ಎಂದೆ. ಮುರಿದದ್ದನ್ನು ಭೂತಗನ್ನಡಿಯಡಿ ಇಟ್ಟು, ಗೂಡಿನಿಂದ ಮೂರು ಕೊಕ್ಕೆ ತೆಗೆದು ಪಕ್ಕದಲ್ಲಿ ಸಾಲಾಗಿ ಇಟ್ಟ. ಬರಿಗಣ್ಣಿಗೆ ಮೂರೂ ಒಂದೇ. ಒಂದನ್ನು ವಾಪಸು ಗೂಡಿಗೆ ಹಾಕಿದ. ಉಳಿದೆರಡರಲ್ಲಿ ಹಲ್ಲು ಉದ್ದವಿದ್ದದ್ದನ್ನೇ ನನ್ನತ್ತ ನೂಕಿದ. ಉದ್ದವಿದ್ದರೆ ಸಾಣೆಕಲ್ಲಿನಲ್ಲಿ ತೆಗೆಯಬಹುದು, ಇಲ್ಲದ್ದನ್ನು ಸೇರಿಸಲಾಗದು ಎಂದ.

ನನ್ನ ಸ್ಲೈಡು ತರಿಸಿಕೊಂಡು ಅಲ್ಲೇ ಕೂಡಿಸಿದ. ಸಣ್ಣ ಸ್ಕ್ರೂಡ್ರೈವರಿನಿಂದ ಒಳಗಿನ ಒತ್ತುಗುಂಡಿಯನ್ನು ಹಿಂದಕ್ಕೆ ತಳ್ಳಿ, ಹೆಬ್ಬೆರಳಿನಿಂದ ಸ್ಪ್ರಿಂಗನ್ನು ಮುಚ್ಚಿ ಹಿಡಿದು (ಬಿಟ್ಟರೆ ಅದು ಸೀದಾ ಸರೋವರಕ್ಕೆ) ಕೊಕ್ಕೆಯನ್ನು ಜಾಗಕ್ಕೆ ಇಳಿಸಿದ. ಹೊಡೆದು ಬಿಸಾಡಿದ ಖಾಲಿ ತೋಟೆಯೊಂದನ್ನು ಅದರ ಹಲ್ಲಿಗೆ ಸಿಕ್ಕಿಸಿ ಸ್ಲೈಡನ್ನು ಅಲುಗಾಡಿಸಿದ. ಬಿತ್ತು. ಹೊರತೆಗೆದು ಕಲ್ಲಿನ ಮೇಲೆ ನಾಲ್ಕು ಸಲ ಎಳೆದು, ಹಲ್ಲಿನ ಒಳಮೈಯ ಓರೆಯನ್ನು ಬೆಳಕಿಗೆ ಹಿಡಿದು ನೋಡಿ, ಮತ್ತೆ ಕೂಡಿಸಿದ. ಈ ಸಲ ಅಲುಗಾಡಿಸಿದರೆ ತೋಟೆ ನಡುಗಿತೇ ಹೊರತು ಬೀಳಲಿಲ್ಲ. ಪಕ್ಕದಲ್ಲಿ ಗೆಳೆಯ ಉಸಿರು ಬಿಗಿಹಿಡಿದಿದ್ದ. ಪಿಸ್ತೂಲು ಎಂದರೆ ಆಗದವನು!

ಹೊಸತಾಗಿ ಮಾಡಿಸಿದ್ದೋ ಹಳೆಯದೋ ಎಂದು ಕೇಳಿದೆ. ಹಳೆಯದೇ, ಬಿಚ್ಚಿದ್ದು ಎಂದ. ಚೌಕಟ್ಟು ಬಿರಿದ ಪಿಸ್ತೂಲು, ಸತ್ತವರ ಮನೆಯಿಂದ ಬಂದ ಪಿಸ್ತೂಲು, ನೀರು ಬಿದ್ದು ತುಕ್ಕು ಹಿಡಿದ ಪಿಸ್ತೂಲು: ಕೊಂಡು ಬಿಚ್ಚಿ ಗೂಡುಗಳಿಗೆ ಹಂಚುವುದೇ ಅವನ ವ್ಯಾಪಾರ. ಒಂದು ಬಿಚ್ಚಿದರೆ ಐದಾರು ಬದುಕುತ್ತವೆ, ಆದರೆ ಬಿಚ್ಚಲು ಸಿಗುವುದು ವರ್ಷ ವರ್ಷ ಕಡಿಮೆ. ಸ್ಲೈಡುಗಳಂತೂ ಮುಗಿದೇ ಹೋಗಿವೆ, ಕೇಳುವವರಿಗೆ ಇಲ್ಲ ಎಂದು ಹೇಳಿ ಸಾಕಾಗಿದೆ ಎಂದ. ನನ್ನದನ್ನು ತಿರುಗಿಸಿ ಹ್ಯಾಮ್ಡನ್ ಅಕ್ಷರ ಓದಿ, ಮೇಜಿನ ಮೇಲೆ ಮೆಲ್ಲಗೆ ಇಟ್ಟು, ಮಾರುತ್ತೀಯಾ ಎಂದು ಕೇಳಿದ. ಇಡಿಯಾಗಿ ಮಾರಿದರೆ ಬರುವುದಕ್ಕಿಂತ ಬಿಡಿಯಾಗಿ ಹೆಚ್ಚು ಬರುತ್ತದೆ, ಲೆಕ್ಕ ಹಾಕಿ ತೋರಿಸಲೇ?

ನಾನು ಬಾಯಿ ತೆರೆಯುವ ಮೊದಲೇ ಪೀಣ್ಯದವನು ಕನ್ನಡದಲ್ಲಿ ಅಡ್ಡ ಬಂದ. “ಕೊಡ್ಬೇಡ ಗುರೂ, ಈಗ್ಲೇ ಕೊಡ್ಬೇಡ. ಆ ಇನ್ನೊಂದು ಕೊಕ್ಕೇನೂ ತಗೋ.” ಕೈಚೀಲದಿಂದ ವರ್ನಿಯರ್ ತೆಗೆದಿದ್ದ, ಪಂದ್ಯಕ್ಕೆ ಬರುವಾಗ ಅದನ್ನು ಯಾಕೆ ತಂದಿದ್ದನೋ ಗೊತ್ತಿಲ್ಲ. ಮುದುಕನ ಪೆನ್ನು ಕೇಳಿ ಪಡೆದು, ಸ್ಕೋರು ಬರೆಯುವ ಚೀಟಿಯ ಹಿಂದೆ ಕೊಕ್ಕೆಯ ಚಿತ್ರ ಬರೆಯತೊಡಗಿದ: ಹಲ್ಲಿನ ಉದ್ದ, ಓರೆ, ಬೆನ್ನಿನ ದಪ್ಪ. ಮುದುಕ ಕುರ್ಚಿ ಎಳೆದುಕೊಂಡು ಹತ್ತಿರ ಬಂದು, ದಪ್ಪದ ಅಂಕಿಯ ಮೇಲೆ ಬೆರಳಿಟ್ಟು, ಕಾರ್ಖಾನೆಯಲ್ಲಿ ಇದಕ್ಕಿಂತ ಒಂದು ಸಾವಿರಾಂಶ ಹೆಚ್ಚು ಇಡುತ್ತಿದ್ದರು ಎಂದ. ಗೆಳೆಯ ಅಂಕಿ ಹೊಡೆದು ಹಾಕಿ ಹೊಸದು ಬರೆದ. ಅಷ್ಟರಲ್ಲಿ ನನ್ನ ಸರದಿಯ ಸಾಲನ್ನು ಕರೆದರು.